ಐವತ್ತೈದೂವರೆ ಕೆಜಿಯ ಚೀಟಿ

ಮೊನ್ನೆ ನನ್ನ ಹೆಂಡತಿ ಬೀರುವಿನ ಮೇಲಿದ್ದ ಹಳೆಯ ಪುಸ್ತಕಗಳನ್ನೆಲ್ಲ ಗುಜರಿಯವನಿಗೆ ಹಾಕುತ್ತೇನೆಂದು ಪಟ್ಟು ಹಿಡಿದು ಕೂತಳು. "ಓದೋದಿಲ್ಲ, ಧೂಳು ಒರೆಸೋದಿಲ್ಲ, ಯಾವ ಸುಖಕ್ಕೆ ಇಟ್ಕಂಡಿದೀರಿ?" ಎಂದಳು. ನಾನು ಪುಸ್ತಕವೆಂದರೆ ಪ್ರಾಣ ಬಿಡುವ ಮನುಷ್ಯನ ಹಾಗೆ ಮುಖ ಮಾಡಿಕೊಂಡು ರಾಶಿಯಿಂದ ಒಂದನ್ನು ಕಿತ್ತುಕೊಂಡೆ. ಕೈಗೆ ಸಿಕ್ಕಿದ್ದು ನನ್ನ ಹೈಸ್ಕೂಲಿನ ಅಟ್ಲಾಸು. ಭೂಗೋಳದಲ್ಲಿ ಎರಡು ಸಲ ನಪಾಸಾದವನಿಗೆ ಅಟ್ಲಾಸಿನ ಮೇಲೆ ಇಂಥ ಮಮಕಾರ ಎಲ್ಲಿಂದ ಬಂತೆಂದು ಅವಳು ಕೇಳುವಷ್ಟರಲ್ಲಿ ಅದರೊಳಗಿಂದ ಒಂದು ರಟ್ಟಿನ ಚೀಟಿ ನೆಲಕ್ಕೆ ಬಿತ್ತು.

ರೈಲ್ವೆ ಸ್ಟೇಷನ್ನಿನ ತೂಕದ ಮಿಷಿನ್ನಿನ ಚೀಟಿ. ನೀವೂ ಹತ್ತಿ ನಿಂತವರೇ ಇರಬೇಕು. ಮೇಲೆ ನಿಂತರೆ ಗಾಜಿನೊಳಗೆ ಒಂದು ಚಕ್ರ ಗಿರಗಿರ ತಿರುಗುತ್ತದೆ, ಬಣ್ಣದ ದೀಪಗಳು ಹತ್ತಿಕೊಳ್ಳುತ್ತವೆ. ಚಕ್ರ ನಿಂತ ಮೇಲೆ ಕಾಸು ಹಾಕಬೇಕು. ಒಳಗೆ ಯಾರೋ ಕೆಮ್ಮಿದಂತೆ ಸದ್ದಾಗಿ ಕೆಳಗಿನ ಬಟ್ಟಲಿಗೆ ಚೀಟಿ ಬೀಳುತ್ತದೆ. ಒಂದು ಮಗ್ಗುಲಲ್ಲಿ ತೂಕ, ಇನ್ನೊಂದರಲ್ಲಿ ಭವಿಷ್ಯ. ಚಿಕ್ಕಂದಿನಲ್ಲಿ ನಾವು ತೂಕ ನೋಡಿದವರೇ ಅಲ್ಲ, ಭವಿಷ್ಯಕ್ಕಾಗಿಯೇ ಹತ್ತುತ್ತಿದ್ದೆವು. ನನಗೆ ಒಮ್ಮೆ ಸಮುದ್ರಯಾನ ಬಂದಿತ್ತು. ಅಜ್ಜಂಪುರದವನಿಗೆ ಸಮುದ್ರ! ನಮ್ಮ ಕೆರೆ ತುಂಬುವುದನ್ನು ನೋಡಿದ್ದೇ ನನ್ನ ಪುಣ್ಯ.

ಈ ಚೀಟಿಯ ಮೇಲೆ ಇದ್ದದ್ದು ಐವತ್ತೈದೂವರೆ ಕೆಜಿ. ಹೆಂಡತಿ ಅದನ್ನು ನೋಡಿ ನನ್ನ ಹೊಟ್ಟೆಯನ್ನು ನೋಡಿದಳು. ಅವಳ ಅನುಮಾನ ಸರಿ, ಅದು ನನ್ನ ತೂಕವಲ್ಲ. ನನ್ನ ದೇಹ ನಲವತ್ತೆಂಟರಿಂದ ನೇರ ಅರವತ್ತೈದಕ್ಕೆ ಹೋದದ್ದು, ನಡುವೆ ಎಲ್ಲೂ ನಿಂತಿಲ್ಲ. ಇದು ಹಾಲೇಶನ ತೂಕ. ಶಿವನಿ ಕಡೆಯ ಹಾಲೇಶ, ಬಾಕ್ಸರ್ ಹಾಲೇಶ. ಸದ್ಯ ಶಿವನಿ ಸ್ಟೇಷನ್ ಎದುರು ಸೈಕಲ್ ಶಾಪು ಇಟ್ಟುಕೊಂಡು ಟ್ಯೂಬಿಗೆ ತೇಪೆ ಹಾಕುತ್ತಾನೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ದೇವರು ಕೊಟ್ಟ ಕಸುವನ್ನು ಹಾಳುಮಾಡಿಕೊಂಡವರನ್ನು ಕಂಡರೆ ನನಗೆ ಕನಿಕರ ಬರುವುದಿಲ್ಲ, ಮೈ ಉರಿಯುತ್ತದೆ. ಕೈಲಾಗದವನು ಸೋತರೆ ಅವನ ಪಕ್ಕದಲ್ಲಿ ಕೂತು ಟೀ ಕುಡಿಯಬಹುದು. ಕೈಲಾಗುವವನು ಸೋತು, ಆಮೇಲೆ ಜನ್ಮವಿಡೀ "ಅವತ್ತೊಂದಿನ..." ಎಂದು ಶುರುಮಾಡಿದರೆ ಎದ್ದು ಹೋಗಬೇಕು ಅನಿಸುತ್ತದೆ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಸೇರಿ ನನ್ನ ತಿಳಿವಳಿಕೆಯಲ್ಲಿ ಹುಟ್ಟಿಸಿದ್ದು ಮೂವರು ಬಾಕ್ಸರುಗಳನ್ನು. ಮೂವರೂ ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಹಾಳಾದರು.

ಕಡೂರಿನವನ ಎಡಗೈ ಎಂಥದೆಂದರೆ, ಚಿಕ್ಕಮಗಳೂರಿನಲ್ಲಿ ಅದರ ಒಂದೇ ಏಟು ತಿಂದ ಹುಡುಗ ಎದ್ದು ಕೂತು ತನ್ನ ತಂಗಿಯ ಹೆಸರು ಹಿಡಿದು ರೆಫರಿಯನ್ನು ಕರೆದನಂತೆ. ಗೆದ್ದ ಮಾರನೆಯ ದಿನ ನಮ್ಮ ವೀರ ಸ್ಟುಡಿಯೋಕ್ಕೆ ಹೋಗಿ ಗವಸು ತೊಟ್ಟ ಮುಷ್ಟಿಯನ್ನು ಗದ್ದಕ್ಕೆ ಆನಿಸಿ ಫೋಟೋ ತೆಗೆಸಿಕೊಂಡ. ಸ್ಟುಡಿಯೋದವನು ಅದನ್ನು ದೊಡ್ಡದು ಮಾಡಿ ಗಾಜಿನ ಪೆಟ್ಟಿಗೆಯಲ್ಲಿ ಬೀದಿಗೆ ಕಾಣುವಂತೆ ಇಟ್ಟ. ಅಲ್ಲಿಗೆ ಮುಗಿಯಿತು. ದಿನಾ ಸಂಜೆ ಆ ಗಾಜಿನ ಮುಂದೆ ನಿಂತು ಕ್ರಾಪು ತಿದ್ದಿಕೊಳ್ಳುವುದೇ ಅವನ ವ್ಯಾಯಾಮವಾಯಿತು. ಮುಂದಿನ ಪಂದ್ಯಕ್ಕೆ ಕರೆದರೆ, "ಮೂಗು ಮುರಿದ್ರೆ ಆ ಫೋಟೋಕ್ಕೂ ನಂಗೂ ಹೋಲಿಕೇನೇ ಇರಲ್ಲ ಸಾರ್" ಅಂದನಂತೆ. ಐದಾರು ವರ್ಷದ ಬಿಸಿಲಿಗೆ ಫೋಟೋ ಬಿಳಿಚಿಕೊಂಡು ಈಗ ಅಲ್ಲಿ ಎರಡು ಗವಸು ಮಾತ್ರ ಕಾಣುತ್ತವೆ. ಅದೇ ಅವನ ನಿಜವಾದ ಫೋಟೋ ಅನ್ನುತ್ತೇನೆ ನಾನು.

ತರೀಕೆರೆಯವನು ಕೆಮ್ಮಣ್ಣುಗುಂಡಿಯಲ್ಲಿ ಅದಿರು ಹೊತ್ತು ಭುಜ ಬೆಳೆಸಿದ್ದ. ಅವನಿಗೆ ಟೂರಿಂಗ್ ಟಾಕೀಸಿನವರ ಮನೆಯ ಹೆಣ್ಣು ಸಿಕ್ಕಿತು. ಹೊಡೆಯಕೂಡದು, ಹೊಡೆಸಿಕೊಳ್ಳಲೂ ಕೂಡದು ಅಂತ ಮಾವ ಷರತ್ತು ಹಾಕಿದರು. ಇವನು ಹೂಂ ಅಂದ. ಆ ಭುಜಗಳು ಆಮೇಲೆ ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುವುದಕ್ಕೆ ಮೀಸಲಾದವು. ನೆಲದ ಟಿಕೆಟ್ ಕೊಂಡು ಬೆಂಚಿನ ಮೇಲೆ ಕೂತವರನ್ನು ಎಬ್ಬಿಸುವಾಗಲೂ ಅವನು ಕೈ ಮುಗಿದೇ ಎಬ್ಬಿಸುತ್ತಿದ್ದ.

ಈ ಮೂವರಿಗೂ ಗುರು ಒಬ್ಬರೇ, ಮಿಲ್ಟ್ರಿ ರುದ್ರಪ್ಪ. ಸೈನ್ಯದಲ್ಲಿ ಬಾಕ್ಸಿಂಗ್ ಕಲಿತು ಪಿಂಚಣಿಯಾಗಿ ಬಂದವರು. ಹೆಂಡತಿ ಮಕ್ಕಳಿಲ್ಲ, ಇದ್ದದ್ದು ಒಂದು ಟ್ರಂಕು, ಎರಡು ಜೊತೆ ಗವಸು. ಅವರಿಗೆ ಜಾಗ ಕೊಟ್ಟವರು ನಮ್ಮಪ್ಪ. ನಮ್ಮದು ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ. ಸುತ್ತಲ ಹಳ್ಳಿಯವರು ಬೆಳೆ ತಂದು ಸುರಿಯುವುದು, ಅಪ್ಪ ತೂಗಿಸಿ ಕೊಳ್ಳುವುದು. ಮಂಡಿಯ ಹಿತ್ತಲಲ್ಲಿ ಹುಣಸೆಮರಕ್ಕೆ ಭತ್ತದ ಹೊಟ್ಟು ತುಂಬಿದ ಗೋಣಿಚೀಲ ಕಟ್ಟಿ, ಪಕ್ಕದ ಶೆಡ್ಡಿನಲ್ಲಿ ಮಲಗುತ್ತ, ರುದ್ರಪ್ಪನವರು ಬೆಳಿಗ್ಗೆ ಐದಕ್ಕೇ ಸೀಟಿ ಊದುತ್ತಿದ್ದರು. ಗವಸುಗಳನ್ನು ಇಡುತ್ತಿದ್ದದ್ದು ಈರುಳ್ಳಿ ಚೀಲಗಳ ಮೇಲೆ. ಹಾಗಾಗಿ ನಮ್ಮ ಎದುರಾಳಿಗಳಿಗೆ ಏಟು ಬೀಳುವ ಮೊದಲೇ ಕಣ್ಣಲ್ಲಿ ನೀರು ಬರುತ್ತಿತ್ತು. ನಮ್ಮೂರಿನ ಬಾಕ್ಸಿಂಗಿಗೆ ಅಷ್ಟು ಹೆಸರು ಬಂದದ್ದು ಇದರಿಂದಲೇ ಎಂದು ಕುಹಕಿಗಳು ಹೇಳುತ್ತಾರೆ. ನಾನೂ ಅವರಲ್ಲೊಬ್ಬ.

ಜಾಗ ಕೊಟ್ಟವರ ಮಗನೆಂದು ನನ್ನನ್ನೂ ಸೇರಿಸಿಕೊಂಡಿದ್ದರು. ಆಗ ನನಗೆ ಹತ್ತೊಂಬತ್ತು. ಏಟು ಬರುತ್ತದೆ ಎನ್ನುವಾಗ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮುಚ್ಚಿದ ಕಣ್ಣಲ್ಲೇ ನಾನು ಬೀಸಿದ ಒಂದು ಗುದ್ದು ಹುಣಸೆಮರಕ್ಕೆ ತಾಗಿ ಎರಡು ವಾರ ಕೈ ಊದಿತ್ತು. "ಮರ ಗೆದ್ದಿತು" ಎಂದು ಘೋಷಿಸಿ ರುದ್ರಪ್ಪನವರು ನನ್ನನ್ನು ರಿಂಗಿನಿಂದ ಇಳಿಸಿ ಸೀಟಿ ಕೊಟ್ಟರು. ಅಂದಿನಿಂದ ನಾನು ಊದುವವನು, ಉಳಿದವರು ಗುದ್ದುವವರು.

ಹಾಲೇಶನದು ಬೇರೆಯೇ ಲೆಕ್ಕ. ಅವನಪ್ಪ ವರ್ಷವರ್ಷವೂ ನಮ್ಮ ಮಂಡಿಗೆ ಈರುಳ್ಳಿ ಹಾಕುವವರು. ಹಾಲೇಶ ಗಾಡಿಯ ಜೊತೆ ಬಂದವನು ರುದ್ರಪ್ಪನವರ ಕಣ್ಣಿಗೆ ಬಿದ್ದ. ನೆಲದ ಮೇಲೆ ಒಂದು ಗೋಣಿಚೀಲ ಹಾಸಿ, ಅದರಿಂದ ಕಾಲು ಆಚೆಗಿಡದೆ ನಿಲ್ಲುವುದು, ನಾವು ನಾಲ್ಕು ಜನ ನಾಲ್ಕು ದಿಕ್ಕಿನಿಂದ ಕೊಳೆತ ಈರುಳ್ಳಿ ಎಸೆಯುವುದು. ಇದು ರುದ್ರಪ್ಪನವರ ಪಾಠ. ಒಂದು ಬುಟ್ಟಿ ಖಾಲಿಯಾದರೂ ಹಾಲೇಶನ ಬನಿಯನ್ ಮೇಲೆ ಒಂದು ಕಲೆ ಇರುತ್ತಿರಲಿಲ್ಲ. ಅವನು ಓಡುತ್ತಿರಲಿಲ್ಲ, ಬಗ್ಗುತ್ತಿರಲಿಲ್ಲ, ಸುಮ್ಮನೆ ಆ ಜಾಗದಲ್ಲಿ ಇರುತ್ತಿರಲಿಲ್ಲ ಅಷ್ಟೆ. ಎಸೆದು ಎಸೆದು ನಮ್ಮ ರಟ್ಟೆ ಬಿದ್ದುಹೋಗುತ್ತಿತ್ತು. "ಸಾಕೇನ್ರಲೇ?" ಎಂದು ಅವನೇ ನಮ್ಮನ್ನು ವಿಚಾರಿಸಿಕೊಳ್ಳುತ್ತಿದ್ದ. ನನಗೆ ಅವನ ಮೇಲೆ ಹೊಟ್ಟೆಕಿಚ್ಚೂ ಇತ್ತು, ಅವನ ಗೆಳೆಯನೆಂಬ ಜಂಬವೂ ಇತ್ತು.

ಹಿತ್ತಲಲ್ಲಿ ಅವನು ನನ್ನನ್ನು ಲೇ ಚಂದ್ರು ಅನ್ನುವನು. ಹಿತ್ತಲಿನ ಬಾಗಿಲು ದಾಟಿ ಮಂಡಿಯೊಳಕ್ಕೆ ಬಂದರೆ ಚಂದ್ರಣ್ಣಾರೇ, ನೀವು, ತಾವು. ನಡುವೆ ಇದ್ದದ್ದು ಒಂದು ಹೊಸಿಲು. ಅವನು ಅದನ್ನು ಒಂದು ದಿನವೂ ಮರೆತದ್ದಿಲ್ಲ. ನಾನೂ ನೆನಪಿಡಬೇಕಾದದ್ದು ಏನಾದರೂ ಇದೆಯೆಂದು ನನಗೆ ಹೊಳೆದಿರಲಿಲ್ಲ.

ಆ ವರ್ಷ ಬೆಂಗಳೂರಿನ ರಾಜ್ಯಮಟ್ಟದ ಪಂದ್ಯಕ್ಕೆ ಜಿಲ್ಲೆಯಿಂದ ಹಾಲೇಶನ ಹೆಸರು ಹೋಯಿತು, ಐವತ್ನಾಲ್ಕು ಕೆಜಿ ವಿಭಾಗಕ್ಕೆ. ಅಲ್ಲಿ ಗೆದ್ದವರನ್ನು ರೈಲ್ವೆಯವರು ಕರೆದು ಕೆಲಸಕ್ಕೆ ಹಾಕಿಕೊಳ್ಳುತ್ತಾರೆ ಎಂದು ರುದ್ರಪ್ಪನವರು ಹೇಳಿದ್ದರು. ಹಾಲೇಶನ ಮನೆಯಲ್ಲಿ ಅದುವರೆಗೆ ತಿಂಗಳ ಸಂಬಳ ಎಂಬುದನ್ನು ಕಂಡವರೇ ಇಲ್ಲ. ಅವನಪ್ಪ ನಮ್ಮ ಮಂಡಿಯ ಕಟ್ಟೆಯ ಮೇಲೆ ಕೂತು, "ರೈಲಿಗೆ ಬಾವುಟ ತೋರಿಸೋ ಕೆಲ್ಸ ಆದ್ರೂ ಸಾಕು ಕಣಪ್ಪಾ, ಮಣ್ಣು ಮುಟ್ಟದಂಗೆ ಬದುಕ್ಲಿ" ಅಂದದ್ದು ನನಗೆ ನೆನಪಿದೆ. ಐವತ್ನಾಲ್ಕರ ಮೇಲೆ ಒಂದು ಹಿಡಿ ಹೆಚ್ಚಾದರೂ ರಿಂಗಿಗೆ ಬಿಡುವುದಿಲ್ಲ. ಆದ್ದರಿಂದ ತಿಂಗಳುಗಟ್ಟಲೆ ದಿನಾ ತೂಕ ನೋಡಬೇಕಾಯಿತು.

ರುದ್ರಪ್ಪನವರು ಡಾಕ್ಟರ ಮನೆಯ ಮಿಷಿನ್ನಿನಲ್ಲಿ ನೋಡೋಣ ಅಂದರು. ಅಪ್ಪನಿಗೆ ಸಿಟ್ಟು ಬಂತು. "ಮಂಡಿ ಒಳಗೆ ಆನೆ ತೂಗೋವಂಥ ಕಾಟಾ ಇಟ್ಕಂಡು, ಡಾಕ್ಟ್ರ ಮನೆ ಬಾಗ್ಲಿಗೆ ಹೋಗ್ಬೇಕೇನ್ರೀ?" ಅಂದರು. ಅವರ ಶೆಡ್ಡಿನಲ್ಲಿ ಮಲಗುವ ರುದ್ರಪ್ಪನವರು ಕಾಟಾಕ್ಕೇ ಒಪ್ಪಿಕೊಂಡರು.

ಕಾಟಾ ಎಂದರೆ ಮೂಟೆ ತೂಗುವ ಕಬ್ಬಿಣದ ದೊಡ್ಡ ತಕ್ಕಡಿ. ಕೆಳಗೆ ಹಲಗೆ, ಮೇಲೆ ಪಟ್ಟಿ, ಪಟ್ಟಿಯ ಮೇಲೆ ಸರಿದಾಡುವ ಗುಂಡು. ನಮ್ಮ ಕಾಟಾದ ಗುಟ್ಟು ಆ ಗುಂಡಿನ ಹೊಟ್ಟೆಯಲ್ಲಿತ್ತು. ಅದರ ತಳದ ಕುಳಿಯಲ್ಲಿ ಅಪ್ಪ ಸೀಸ ಹುಯ್ಯಿಸಿದ್ದರು. ಒಂದು ಭಾನುವಾರ ಒಲೆಯ ಮೇಲೆ ಸೀಸ ಕರಗಿಸಿದ ಕಬ್ಬಿಣದ ಸೌಟನ್ನು ಹಿಡಿದು ನಿಂತವನು ನಾನೇ. ಗುಂಡು ಭಾರವಾದರೆ ಮೂಟೆ ಹಗುರವಾಗಿ ಕಾಣುತ್ತದೆ. ಮೂಟೆಗೆ ಎರಡು ಎರಡೂವರೆ ಕೆಜಿ ಹೀಗೆ ಗಾಳಿಗೆ ಹೋಗುತ್ತಿತ್ತು. ವರ್ಷಕ್ಕೊಮ್ಮೆ ಮುದ್ರೆ ಹಾಕಲು ಬರುವ ಇನ್ಸ್‌ಪೆಕ್ಟರಿಗೆ ತೋರಿಸಲು ಬೇರೊಂದು ಸಾಚಾ ಗುಂಡಿತ್ತು. ಅದನ್ನು ದೇವರ ಕೋಣೆಯಲ್ಲಿ ಇಟ್ಟಿದ್ದರು. ಉಳಿದ ದಿನಗಳಲ್ಲಿ ಅದು ಪೂಜೆಗೆ ಮಾತ್ರ.

ಇದು ಊರಿಗೆ ಗೊತ್ತಿರಲಿಲ್ಲವೇ? ಎಲ್ಲರಿಗೂ ಗೊತ್ತಿತ್ತು. ಗಾಡಿ ಕಟ್ಟಿಕೊಂಡು ಬರುವ ಒಬ್ಬೊಬ್ಬನೂ ಮನೆಯಲ್ಲೇ ಲೆಕ್ಕ ಹಾಕಿಕೊಂಡು ಬರುತ್ತಿದ್ದ. ಸಾವ್ಕಾರರ ಕಾಟಾ ಅಷ್ಟು ತಿನ್ನುತ್ತದೆ, ಬಿಸಿಲು ಇಷ್ಟು ತಿನ್ನುತ್ತದೆ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಕೊಳ್ಳುತ್ತಿದ್ದರು. ಬಿಸಿಲಿಗೆ ಯಾರು ಎದುರು ಮಾತಾಡುತ್ತಾರೆ?

ಹೀಗಿರುವಾಗ ಆ ಕಾಟಾದ ಮೇಲೆ ದಿನಾ ಬೆಳಿಗ್ಗೆ ಚಡ್ಡಿ ಬನಿಯನ್ನಿನಲ್ಲಿ ಹಾಲೇಶ ಹತ್ತಿ ನಿಲ್ಲುತ್ತಿದ್ದ. ಸುತ್ತ ಇಪ್ಪತ್ತು ಮೂವತ್ತು ರೈತರು ತಮ್ಮ ಮೂಟೆಗಳ ಮೇಲೆ ಕೂತು ನೋಡುತ್ತಿದ್ದರು. ಅಪ್ಪ ಗುಂಡನ್ನು ಬೆರಳಲ್ಲಿ ತಳ್ಳಿ, ಪಟ್ಟಿ ಸಮಕ್ಕೆ ನಿಂತಾಗ ಗಟ್ಟಿಯಾಗಿ ಕೂಗುವರು: "ಐವತ್ಮೂರು! ಇನ್ನೂ ಒಂದ್ ಕೆಜಿ ಜಾಗ ಐತೆ ಕಣೋ ಹಾಲೇಶಿ. ಹಿಂಗೆ ಒಣಕಲಾಗಿ ಹೋದ್ರೆ ಬೆಂಗ್ಳೂರ್ನೋರು ನಮ್ಮೂರ್ನಾಗೆ ಊಟ ಇಲ್ಲ ಅಂದ್ಕಂತಾರೆ. ಒಳಗ್ ಬಾ." ಒಳಗೆ ನಮ್ಮಮ್ಮ ಎಲೆ ಹಾಕಿರುತ್ತಿದ್ದಳು. ರೊಟ್ಟಿ, ಬೆಣ್ಣೆ, ಶೇಂಗಾ ಹೋಳಿಗೆ, ಮೇಲೆ ಒಂದು ಚೊಂಬು ಹಾಲು. "ನಂಗೆ ಸಾಕ್ರಮ್ಮಾ" ಎಂದರೆ ಅಪ್ಪನೇ ಎದ್ದು ತುಪ್ಪ ಬಡಿಸುವರು. ಸಾವ್ಕಾರರು ಕೈಯಾರೆ ಬಡಿಸಿದ ತುಪ್ಪವನ್ನು ಶಿವನಿಯ ಹುಡುಗ ಎಲೆಯಲ್ಲಿ ಬಿಡುವುದುಂಟೆ?

ನನಗೆ ಇವತ್ತಿಗೂ ಬಗೆಹರಿಯದ ಸಂಗತಿ ಒಂದಿದೆ. ಅಪ್ಪ ಬೇಕೆಂದು ಮಾಡಿದ್ದಲ್ಲ. ಹಾಲೇಶ ಗೆದ್ದರೆ ಮಂಡಿಯ ಮುಂದೆ ಪೆಂಡಾಲು ಹಾಕಿಸುವ ಮಾತಾಡುತ್ತಿದ್ದರು. ಅಷ್ಟು ವರ್ಷ ಅದರ ಕೈಯಲ್ಲಿ ಸುಳ್ಳು ಹೇಳಿಸಿ ಹೇಳಿಸಿ, ಕೊನೆಗೆ ಆ ಕಾಟಾ ಹೇಳಿದ್ದನ್ನು ಅವರೇ ನಂಬಿಬಿಟ್ಟಿದ್ದರು. ಈರುಳ್ಳಿಗೆ ಸುಳ್ಳು ಹೇಳುವ ಕಾಟಾ ಮನುಷ್ಯನಿಗೂ ಸುಳ್ಳು ಹೇಳುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ. ಮೂಟೆಗಳ ಮೇಲೆ ಕೂತವರಿಗೆ ಹೊಳೆಯಿತೋ ಇಲ್ಲವೋ, ಒಬ್ಬರೂ ಬಾಯಿಬಿಡಲಿಲ್ಲ. ತಮ್ಮ ಮೂಟೆಯ ಸರದಿ ಇನ್ನೂ ಬರಬೇಕಿತ್ತಲ್ಲ.

ನನಗೆ ಹೊಳೆದಿತ್ತೇ? ಆ ಮಾತನ್ನು ಕಥೆ ಬೀರೂರು ಸ್ಟೇಷನ್ನಿಗೆ ಬಂದಾಗ ಹೇಳುತ್ತೇನೆ.

ಬೆಂಗಳೂರಿಗೆ ಹೊರಟವರು ಮೂವರು: ರುದ್ರಪ್ಪನವರು, ಹಾಲೇಶ, ಸೀಟಿ ಊದುವ ನಾನು. ಬೆಳಗಿನ ರೈಲು. ಸ್ಟೇಷನ್ನಿಗೆ ಅರ್ಧ ಊರೇ ಬಂದು ಹಾರ ಹಾಕಿತು. ಗೆದ್ದು ಬಂದ ಮೇಲೆ ಹಾಕುವುದು ವಾಡಿಕೆ, ಆದರೆ ನಮ್ಮವರಿಗೆ ಅಷ್ಟು ತಾಳ್ಮೆ ಎಲ್ಲಿದೆ? ಅಮ್ಮ ನಾಲ್ಕು ಡಬ್ಬಿಯ ಟಿಫಿನ್ ಕ್ಯಾರಿಯರ್ ಕೊಟ್ಟಿದ್ದಳು. ಬೀರೂರಿನಲ್ಲಿ ಎಂಜಿನ್ನು ನೀರು ಕುಡಿಯಲು ನಿಂತಾಗ ರುದ್ರಪ್ಪನವರು ಟೀ ಹುಡುಕಿಕೊಂಡು ಹೋದರು. ನಾವಿಬ್ಬರು ಪ್ಲಾಟ್‌ಫಾರಂ ಮೇಲೆ ಅಡ್ಡಾಡುವಾಗ ಬಣ್ಣದ ದೀಪದ ಮಿಷಿನ್ ಕಂಡಿತು. ಭವಿಷ್ಯ ನೋಡೋಣ ಬಾರೋ ಎಂದು ನಾನೇ ಕಾಸು ತೆಗೆದೆ. ಹಾಲೇಶ ಹತ್ತಿದ. ಚೀಟಿ ಬಿತ್ತು.

ಅವನು ಅದನ್ನು ಸ್ವಲ್ಪ ಹೊತ್ತು ನೋಡಿ ನನ್ನ ಕೈಗೆ ಕೊಟ್ಟ.

"ಐವತ್ತೈದೂವರೆ ಅಂತೈತಲ್ಲೋ ಚಂದ್ರು."

ಸೌಟು, ಸೀಸ, ದೇವರ ಕೋಣೆಯ ಗುಂಡು ಎಲ್ಲವೂ ಒಟ್ಟಿಗೆ ಕಣ್ಣಮುಂದೆ ಬಂದವು. ತೂಕ ನೋಡುವುದು ಮಾರನೆಯ ಬೆಳಿಗ್ಗೆ. ಇಡೀ ಒಂದು ದಿನ ಕೈಯಲ್ಲಿತ್ತು. ಆಗಲೇ ರುದ್ರಪ್ಪನವರಿಗೆ ಹೇಳಿದ್ದರೆ ಅವರು ಅವನನ್ನು ಉಪವಾಸ ಕೆಡವಿ, ಬೆಂಗಳೂರಿನಲ್ಲಿ ಇಳಿದ ಕೂಡಲೇ ಕಂಬಳಿ ಹೊದಿಸಿ ಓಡಿಸಿ, ಒಂದೂವರೆ ಕೆಜಿಯನ್ನು ಹಿಂಡಿ ತೆಗೆಯುತ್ತಿದ್ದರು. ಸೈನ್ಯದಲ್ಲಿ ಅದನ್ನು ಮಾಡಿದವರೇ ಅವರು. ಆದರೆ ಹೇಳುವುದು ಏನೆಂದು? ನಮ್ಮಪ್ಪನ ಕಾಟಾ ಕಳ್ಳ ಕಾಟಾ ಅಂತಲೇ? ನಾನೇ ಸೌಟು ಹಿಡಿದೆ ಅಂತಲೇ?

"ಏ, ಈ ಪ್ಲಾಟ್‌ಫಾರಂ ಮಿಷಿನ್ ಹೇಳೋದೆಲ್ಲ ಬರೀ ಸುಳ್ಳು ಕಣೋ. ನಂಗೆ ಸಮುದ್ರಯಾನ ಐತೆ ಅಂದಿತ್ತು ಗೊತ್ತಾ? ನಮ್ ಕಾಟಾ ಐವತ್ಮೂರು ಅಂದಮೇಲೆ ಐವತ್ಮೂರೇ" ಅಂದೆ. ಅಂದು ನಕ್ಕೆ ಕೂಡ.

ಅವನು ನಗಲಿಲ್ಲ. ನನ್ನ ಮುಖವನ್ನೇ ನೋಡಿದ. ಈರುಳ್ಳಿ ಯಾವ ಕಡೆಯಿಂದ ಬರುತ್ತದೆಂದು ನೋಡುವವನ ಹಾಗೆ, ಕಣ್ಣು ಮಿಟುಕಿಸದೆ. ಆಮೇಲೆ ಬೋಗಿಯೊಳಕ್ಕೆ ಹೋಗಿ ಕ್ಯಾರಿಯರ್ ಬಿಚ್ಚಿದ. ಅರಸೀಕೆರೆ ಬರುವುದರೊಳಗೆ ಹೋಳಿಗೆಯ ಡಬ್ಬಿ ಖಾಲಿಯಾಗಿತ್ತು.

ಮುಂದಿನದು ಊರಿಗೆಲ್ಲ ಗೊತ್ತಿರುವ ಕಥೆ. ಬೆಂಗಳೂರಿನ ಮಿಷಿನ್ ಬೀರೂರಿನದಕ್ಕಿಂತ ನೂರು ಗ್ರಾಂ ಹೆಚ್ಚೇ ಹೇಳಿತು. ಮೇಲಿನ ವಿಭಾಗಕ್ಕೆ ಹೋಗೋಣವೆಂದರೆ ಅಲ್ಲಿ ನಮ್ಮ ಜಿಲ್ಲೆಯ ಇನ್ನೊಬ್ಬನ ಹೆಸರಿತ್ತು. ಒಂದು ಗಂಟೆ ಸಮಯ ಕೊಟ್ಟರು. ರುದ್ರಪ್ಪನವರು ಕಂಬಳಿ ಹೊದಿಸಿ ಮೈದಾನ ಸುತ್ತಿಸಿದರು, ಉಗಿ ಎಂದು ಗದರಿ ಉಗಿಸಿದರು, ಕೊನೆಗೆ ಒಬ್ಬ ಕ್ಷೌರಿಕನನ್ನು ಹಿಡಿದು ತಂದು ಹಾಲೇಶನ ದಟ್ಟ ಕೂದಲನ್ನು ನುಣ್ಣಗೆ ಬೋಳಿಸಿಬಿಟ್ಟರು. ಕೂದಲಿಗೆ ತೂಕವೇ ಇರುವುದಿಲ್ಲ ಎಂಬುದು ನನಗೆ ತಿಳಿದದ್ದು ಅವತ್ತೇ. ಆರುನೂರು ಗ್ರಾಂ ಉಳಿದೇಹೋಯಿತು. ಅಧಿಕಾರಿ ಪೆನ್ಸಿಲಿನಲ್ಲಿ ಹೆಸರಿನ ಮೇಲೆ ಒಂದು ಗೆರೆ ಎಳೆದ. ಒಂದು ಗುದ್ದು ಹಾಕದೆ, ಒಂದು ಗುದ್ದು ತಿನ್ನದೆ ನಮ್ಮ ಬಾಕ್ಸರ್ ಸೋತ. ಆ ವಿಭಾಗದಲ್ಲಿ ಅವತ್ತು ಗೆದ್ದವನನ್ನು ಗ್ಯಾಲರಿಯಲ್ಲಿ ಕೂತು ನೋಡಿದೆ. ಹಾಲೇಶನ ಗೋಣಿಚೀಲದ ಮೇಲೆ ನಿಲ್ಲಿಸಿದ್ದರೆ ಅವನ ಮೈತುಂಬ ಈರುಳ್ಳಿಯ ಕಲೆ ಆಗುತ್ತಿತ್ತು.

ಬೋಳುತಲೆಯಲ್ಲಿ ಇಳಿದ ಹಾಲೇಶನನ್ನು ನೋಡಿ ಅಜ್ಜಂಪುರದ ಸ್ಟೇಷನ್ನಿನಲ್ಲಿ ಯಾರೋ, "ಏನಪ್ಪಾ, ತಿರುಪತಿಗೆ ಹೋಗಿದ್ಯಾ?" ಎಂದರು. ಸುದ್ದಿ ತಿಳಿದ ಮೇಲೆ ಊರಿನ ನಾಲಗೆಗೆ ಹಬ್ಬ. ತಿಂದು ಕೆಟ್ಟ, ನಾಲಗೆ ಹಿಡಿತದಲ್ಲಿಲ್ಲ, ಹೋಳಿಗೆಗೆ ಸರ್ಕಾರಿ ಕೆಲಸ ಮಾರಿಕೊಂಡ. ಎಲ್ಲರಿಗಿಂತ ಜೋರಾಗಿ ಅಂದವರು ನಮ್ಮಪ್ಪ. "ಇಲ್ಲಿಂದ ಹೋಗೋವಾಗ ಐವತ್ಮೂರು ಇದ್ದ ಕಣ್ರೀ. ನಾನೇ ತೂಗಿದೀನಿ. ಒಂದ್ ದಿನದೊಳಗೆ ಎರಡೂವರೆ ಕೆಜಿ ತಿಂದವ್ನೆ ಅಂದ್ರೆ ಅದ್ ಮನುಷ್ಯನ ಹೊಟ್ಟೆಯಾ?" ಮೂಟೆಗಳ ಮೇಲೆ ಕೂತವರೂ ಹೌದೌದು ಎಂದು ತಲೆಯಾಡಿಸಿದರು. ಕಾಟಾದ ವಿಷಯ ಗೊತ್ತಿದ್ದೂ ತಲೆಯಾಡಿಸಿದರು. ರುದ್ರಪ್ಪನವರು ಆ ತಿಂಗಳೇ ಟ್ರಂಕು ಹೊತ್ತುಕೊಂಡು ಹೊರಟುಹೋದರು. ಹೋಗುವಾಗ ಕಾಟಾದ ಮುಂದೆ ಒಂದು ಗಳಿಗೆ ನಿಂತರು.

ನಾನು? ನಾನು ಎಲ್ಲರಿಗಿಂತ ಚೆನ್ನಾಗಿ ಹಂಗಿಸುವುದನ್ನು ಕಲಿತೆ. ಕಡೂರಿನವನ ಮೂಗು, ತರೀಕೆರೆಯವನ ಮಾವ, ಹಾಲೇಶನ ಹೋಳಿಗೆ, ಈ ಮೂರನ್ನೂ ಸೇರಿಸಿ ಹೇಳಿದರೆ ಎಂಥ ಬೀಗರೂಟದಲ್ಲೂ ನಗು ಗ್ಯಾರಂಟಿ. ಹತ್ತು ವರ್ಷ ಇದನ್ನೇ ಹೇಳಿಕೊಂಡು ತಿರುಗಿದೆ. ಮೇಲೆ ನಿಮಗೂ ಹೇಳಿದೆನಲ್ಲ, ಮೈ ಉರಿಯುತ್ತದೆ ಅಂತ. ಹೇಳಿ ಹೇಳಿ ರೂಢಿಯಾದ ಮಾತು ಅದು.

ಅಪ್ಪ ತೀರಿಕೊಂಡ ಮೇಲೆ ಮಂಡಿ ನನಗೆ ಬಂತು. ಮೊದಲ ವಾರದಲ್ಲೇ ದೇವರ ಕೋಣೆಯ ಗುಂಡನ್ನು ತಂದು ಕಾಟಾಕ್ಕೆ ಹಾಕಿದೆ. ಯಾರಿಗೂ ಹೇಳಲಿಲ್ಲ, ಹೇಳಿದರೆ ಹಿಂದಿನದನ್ನು ಕೇಳುತ್ತಾರೆ. ಆದರೆ ಒಳಗೊಳಗೇ ನನ್ನನ್ನು ನಾನು ಭಾರಿ ಪ್ರಾಮಾಣಿಕನೆಂದು ಮೆಚ್ಚಿಕೊಂಡೆ.

ಹೋದ ವರ್ಷದ ಈರುಳ್ಳಿ ಕಾಲದಲ್ಲಿ ಹಾಲೇಶ ಬಂದ. ಅವನಪ್ಪನ ಕೈಲಾಗುತ್ತಿರಲಿಲ್ಲ, ಇವನೇ ಟೆಂಪೋದಲ್ಲಿ ಮೂಟೆ ತಂದಿದ್ದ. ಹತ್ತು ವರ್ಷದಲ್ಲಿ ನಾವು ನೆಟ್ಟಗೆ ಮಾತಾಡಿರಲಿಲ್ಲ. ಮೂಟೆಗಳನ್ನೆಲ್ಲ ತೂಗಿ ಮುಗಿಸಿದ ಮೇಲೆ ಅವನು ಚಪ್ಪಲಿ ಬಿಟ್ಟು ತಾನೇ ಕಾಟಾದ ಮೇಲೆ ಹತ್ತಿ ನಿಂತ.

"ನೋಡ್ರಿ ಸಾವ್ಕಾರ್ರೇ, ಎಷ್ಟೈತೆ?"

ಸಾವ್ಕಾರ್ರೇ ಅಂದದ್ದು ನನಗೆ. ಗುಂಡು ತಳ್ಳಿದೆ. ಅರವತ್ತೆಂಟು.

"ಸರಿ ಐತೆ" ಅಂದ ಅವನು. "ಶಿವನಿ ಡಾಕ್ಟ್ರ ಹತ್ರಾನೂ ಅರವತ್ತೆಂಟೇ ಬಂತು. ಗುಂಡು ಬದಲಾಯ್ಸಿದೀರಿ."

ಅವನು ಕೆಳಗಿಳಿದು ಚಪ್ಪಲಿ ಹುಡುಕುತ್ತ, ಸೈಕಲ್ ಪಂಚರಿನ ವಿಷಯ ಹೇಳುವ ದನಿಯಲ್ಲೇ ಹೇಳಿದ:

"ನಂಗೆ ಮೊದ್ಲೇ ಗೊತ್ತಿತ್ತು ಕಣ್ರೀ. ಚಿಕ್ಕೋನಿದ್ದಾಗಿಂದ ನಮ್ಮಪ್ಪ ಈ ಕಾಟಾ ಬೈಕಂತಾನೇ ಊಟ ಮಾಡ್ತಿದ್ದ. ಆದ್ರೆ ಸಾವ್ಕಾರ್ರ ಮುಂದೆ, ಅವ್ರ ಮಂಡಿ ಒಳಗೆ, ಅಷ್ಟ್ ಜನದ ಎದ್ರಿಗೆ ನಾನ್ ಹೆಂಗ್ ಹೇಳ್ಲಿ? ಆ ವರ್ಷದ ಬೆಳೆ ಎಲ್ಲ ಇಲ್ಲೇ ಸುರಿದಿತ್ತು. ನಾನ್ ಬಾಯ್ ಬಿಟ್ರೆ ನಮ್ಮಪ್ಪ ಎಲ್ಲಿಗೆ ಹೊತ್ಕಂಡ್ ಹೋಗ್ಬೇಕಿತ್ತು?"

"ಮತ್ತೆ ಬೀರೂರ್ನಾಗೆ..." ಅಂದೆ.

"ಬೀರೂರ್ನಾಗೆ ಚೀಟಿ ನಿಮ್ ಕೈಗ್ ಕೊಟ್ನಲ್ಲ. ಅದಕ್ಕೇ ಕೊಟ್ಟಿದ್ದು. ಅಲ್ಲಿ ಮಂಡಿ ಇರ್ಲಿಲ್ಲ, ಸಾವ್ಕಾರ್ರು ಇರ್ಲಿಲ್ಲ. ನೀವ್ ಮಗ, ನೀವ್ ಹೇಳಿದ್ರೆ ಯಾರೂ ಏನೂ ಅಂತಿರ್ಲಿಲ್ಲ. ಹೇಳ್ತೀರ ಅಂದ್ಕಂಡೆ." ಚಪ್ಪಲಿ ಮೆಟ್ಟಿಕೊಂಡ. "ನೀವ್ ನಕ್ರಿ. ಇನ್ನೇನ್ ಗೆಲ್ಲೋದು ಅನ್ನಿಸ್ತು. ಹೊಟ್ಟೆ ಬೇರೆ ಹಸಿದಿತ್ತು, ಉಂಡೆ."

ನಾನಾದರೂ ಏನಾದರೂ ಹೇಳಬೇಕಿತ್ತು. ಇಂಥ ಹೊತ್ತಿನಲ್ಲಿ ಮನುಷ್ಯರು ಕೈ ಹಿಡಿದುಕೊಳ್ಳುತ್ತಾರಂತೆ, ಅಳುತ್ತಾರಂತೆ. ನಾನು "ಕಾಫಿ ಕುಡೀತೀಯಾ?" ಅಂದೆ. ಅವನು ಬೇಡವೆಂದ. ಟೆಂಪೋ ಹತ್ತುವ ಮುಂಚೆ ತಿರುಗಿ ನಿಂತು, ನಾಚಿಕೊಂಡವನ ಹಾಗೆ ಕೇಳಿದ:

"ಆ ಚೀಟಿ ಇನ್ನೂ ಐತಾ? ನನ್ ಮಗ ನಂಬಲ್ಲ. ನಿಮ್ಮಪ್ಪ ತಿಂದ್ ಸೋತ ಅಂತ ಇಸ್ಕೂಲ್ನಾಗೆ ಹುಡುಗ್ರು ಆಡ್ಕಂತಾರಂತೆ. ಇಲ್ಲಿಂದ ಹೊರಟಾಗ್ಲೇ ನಾನು ಐವತ್ತೈದೂವರೆ ಇದ್ದೆ, ದಾರೀಲಿ ತಿಂದಿದ್ದಲ್ಲ ಅಂತ ಒಂದ್ ಸಲ ತೋರಿಸ್ಬೇಕು."

ನನಗೆ ಚೀಟಿ ಎಲ್ಲಿದೆ ಎಂಬುದು ಚೆನ್ನಾಗಿ ಗೊತ್ತಿತ್ತು, ಅಟ್ಲಾಸಿನೊಳಗೆ ಇಟ್ಟವನೇ ನಾನು. ಆ ಚೀಟಿ ಸಿಕ್ಕರೆ ಮಗನಿಗೆ ತೋರಿಸುತ್ತಾನೆ, ಮಗ ಇಸ್ಕೂಲಿನಲ್ಲಿ ತೋರಿಸುತ್ತಾನೆ, ಮತ್ತೆ ಐವತ್ಮೂರು ಹೇಳಿದ್ದು ಯಾರ ಕಾಟಾ ಎಂದು ಯಾರಾದರೂ ಕೇಳುತ್ತಾರೆ. ಇಷ್ಟೆಲ್ಲ ಒಂದು ಕ್ಷಣದಲ್ಲಿ ನನ್ನ ತಲೆಯೊಳಗೆ ಓಡಿತು. ಇಂಥ ವಿಷಯದಲ್ಲಿ ನನ್ನ ತಲೆ ಬಹಳ ಚುರುಕು.

"ಅದಾ? ಅವತ್ತೇ ಎಲ್ಲೋ ಕಳೆದೋಯ್ತು ಕಣೋ" ಅಂದೆ.

ಹಾಲೇಶ ನನ್ನ ಮುಖವನ್ನು ನೋಡಿದ. ಬೀರೂರಿನಲ್ಲಿ ನೋಡಿದ ಹಾಗೆಯೇ. "ಹೋಗ್ಲಿ ಬಿಡ್ರಿ" ಎಂದು ಹೊರಟುಹೋದ.

ಈಗ ಆ ಚೀಟಿ ನನ್ನ ಮೇಜಿನ ಮೇಲಿದೆ. ಹಿಂದಿನ ಮಗ್ಗುಲನ್ನು ಇಷ್ಟು ವರ್ಷ ನಾನು ತಿರುಗಿಸಿ ನೋಡಿರಲಿಲ್ಲ. ನೀವು ನೇರ ನಡೆಯವರು, ಗೆಳೆಯರಿಂದ ನಿಮಗೆ ಒಳಿತಾಗುವುದು ಎಂದಿದೆ. ಬೀರೂರಿನ ಮಿಷಿನ್ ಸುಳ್ಳು ಹೇಳುತ್ತದೆ ಎಂದೆನಲ್ಲ, ಪೂರಾ ತಪ್ಪಲ್ಲ ನೋಡಿ. ತೂಕದಲ್ಲಿ ಮಾತ್ರ ಸರಿಯಾಗಿತ್ತು.

ಹೆಂಡತಿ ಉಳಿದ ಪುಸ್ತಕಗಳನ್ನು ಗುಜರಿಯವನಿಗೆ ಹಾಕಿ ಒಳಗೆ ಬಂದಳು. "ಯಾರದ್ರೀ ಆ ಚೀಟಿ? ಬೇಕಾದೋರಿದ್ರೆ ಕೊಟ್ಬಿಡಿ, ಇಲ್ದಿದ್ರೆ ಬಿಸಾಕಿ" ಎಂದಳು. ಶಿವನಿ ಇಲ್ಲಿಂದ ದೂರವೇನಲ್ಲ. ಮಧ್ಯಾಹ್ನದ ಪ್ಯಾಸೆಂಜರ್ ಹತ್ತಿದರೆ ಹಾಕಿಕೊಂಡ ಎಲೆಯಡಿಕೆ ಬಾಯಲ್ಲಿ ಕರಗುವಷ್ಟರಲ್ಲಿ ಬರುತ್ತದೆ, ಸೈಕಲ್ ಶಾಪು ಸ್ಟೇಷನ್ನಿನ ಎದುರಿಗೇ ಇದೆ. ನಾನು ಅಂಗಿ ಹಾಕಿಕೊಂಡೆ. ಚಪ್ಪಲಿ ಮೆಟ್ಟಿದೆ. ಜೇಬಿನಲ್ಲಿಟ್ಟ ಚೀಟಿಯನ್ನು ಮತ್ತೆ ತೆಗೆದು ಅಟ್ಲಾಸಿನೊಳಗೆ, ಮೊದಲಿದ್ದ ಪುಟದಲ್ಲೇ ಇಟ್ಟೆ. ಆಮೇಲೆ ಮಂಡಿಗೆ ಹೋದೆ.